ಇನ್ನೂರ ಹದಿನಾಲ್ಕನೆಯ ಸೀಸೆ

ರುಖಿಯಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೂಗುಪೆಟ್ಟಿಗೆಯನ್ನು ಒರೆಸುತ್ತಿದ್ದಳು. ಪೆಟ್ಟಿಗೆಯ ಮುಂಬದಿಯಲ್ಲಿ ಜೇನುಹುಟ್ಟಿನಂಥ ಸಣ್ಣ ಸಣ್ಣ ತೂತುಗಳು. ಒಂದೊಂದಕ್ಕೂ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಬತ್ತಿಯನ್ನು ತೂರಿಸಿ, ಅರ್ಧ ಸುತ್ತು ತಿರುಗಿಸಿ, ಮೆಲ್ಲಗೆ ಹೊರಗೆಳೆದು, ಆ ಬತ್ತಿಯನ್ನು ಬಿಸಾಕಿ ಹೊಸದನ್ನು ತೆಗೆದುಕೊಳ್ಳಬೇಕು. ಮಾತಾಡುವಂತಿಲ್ಲ. ಬಾಯಿಯ ಹಬೆ ತಾಗಿದರೆ ಪೆಟ್ಟಿಗೆ ಅದನ್ನೂ ಒಂದು ವಾಸನೆಯೆಂದೇ ಹಿಡಿದುಕೊಂಡು, ಅಂದಿಡೀ ದಿನ ಮಲ್ಲಿಗೆ ಕೇಳಿದವರಿಗೂ ಪೆಟ್ರೋಲು ಕೇಳಿದವರಿಗೂ ಚಹಾ ಕುಡಿದ ಬಾಯನ್ನು ಬೆರೆಸಿ ಕೊಡುತ್ತದೆ. ಈ ಕೆಲಸಕ್ಕೆ ಹಿಂದೆ ಇಬ್ಬರು ಬಂದು ಬಿಟ್ಟು ಹೋಗಿದ್ದರು. ಸುಮ್ಮನಿರುವುದು ಅವರಿಗೆ ಆಗಿಬರಲಿಲ್ಲ. ರುಖಿಯಾಳಿಗೆ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭವಾಗಿದ್ದುದು ಅದೇ.

ಮೂಗುಪೆಟ್ಟಿಗೆ ಎಂಬುದು ಮಕ್ಕಳಿಟ್ಟ ಹೆಸರು. ಕಾಗದಪತ್ರಗಳಲ್ಲಿ ಅದಕ್ಕೆ ಬೇರೆ, ಉದ್ದನೆಯ ಹೆಸರಿತ್ತು. ದಾವಣಗೆರೆಯ ವಿಜ್ಞಾನ ಮಂದಿರಕ್ಕೆ ಬರುವ ಶಾಲೆಯ ಮಕ್ಕಳು ಗ್ರಹಗಳ ಗೋಲವನ್ನೂ ರಾಕೆಟ್ಟಿನ ಮಾದರಿಯನ್ನೂ ಓಡಿಕೊಂಡೇ ನೋಡಿ ಮುಗಿಸಿ ಈ ಕೋಣೆಯ ಬಾಗಿಲಿಗೆ ಬಂದು ಮುತ್ತಿಕೊಳ್ಳುತ್ತಿದ್ದರು. ಪೆಟ್ಟಿಗೆಯೊಳಗೆ ಅರವತ್ತು ಚಿಕ್ಕ ಕುಪ್ಪಿಗಳಲ್ಲಿ ಅರವತ್ತು ಮೂಲಗಂಧಗಳಿದ್ದವು. ಟಿ.ವಿ. ಪರದೆ ಮೂರೇ ಬಣ್ಣ ಬೆರೆಸಿ ಲೋಕದ ಬಣ್ಣವನ್ನೆಲ್ಲ ತೋರಿಸುವ ಹಾಗೆ, ಇದು ಅರವತ್ತನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಬೆರೆಸಿ ಯಾವ ವಾಸನೆಯನ್ನು ಬೇಕಾದರೂ ಮಾಡಿ ಊದುತ್ತಿತ್ತು. ಏನನ್ನು ಎಷ್ಟು ಬೆರೆಸಬೇಕೆಂದು ಹೇಳಲು ಇನ್ನೊಂದು ಯಂತ್ರವಿತ್ತು. ಅದು ಮೂಸುವ ಯಂತ್ರ. ತೆಳುವಾದ ತಗಡಿನ ಮೇಲೆ ಸಾವಿರಾರು ಸೂಕ್ಷ್ಮ ಪೊರೆಗಳು. ಗಾಳಿಯಲ್ಲಿ ತೇಲಿ ಬರುವ ಒಂದೊಂದು ಬಗೆಯ ಅಣುವಿಗೆ ಒಂದೊಂದು ಪೊರೆ ನಡುಗುತ್ತದೆ. ಆ ನಡುಕದ ಚಿತ್ರವೇ ವಾಸನೆಯ ಚಿತ್ರ. ಒಂದು ಕಡೆ ಮೂಸಿ ಚಿತ್ರ ತೆಗೆದರೆ ಇನ್ನೊಂದು ಕಡೆ ಪೆಟ್ಟಿಗೆ ಅದನ್ನು ಮತ್ತೆ ವಾಸನೆಯಾಗಿಸುತ್ತದೆ. ಎರಡರ ನಡುವೆ ಎಷ್ಟು ದೂರವಿದ್ದರೂ ಸರಿ.

ಅಂದು ಆ ದೂರ ಶನಿಗ್ರಹದವರೆಗೆ ಚಾಚಿತ್ತು. ‘ಪವನ’ ಎಂಬ ನೌಕೆ ಹನ್ನೆರಡು ವರ್ಷ ಪಯಣಿಸಿ ಶನಿಯ ದೊಡ್ಡ ಚಂದ್ರ ಟೈಟನ್ನನ್ನು ಮುಟ್ಟಿ, ಆ ಮಧ್ಯಾಹ್ನ ಅದರ ನೆಲಕ್ಕೆ ಇಳಿಯುವುದಿತ್ತು. ಆ ಚಂದ್ರನಿಗೆ ನಮ್ಮ ಭೂಮಿಗಿರುವಂತೆ ದಪ್ಪನೆಯ ಗಾಳಿಯ ಹೊದಿಕೆಯಿದೆ. ಗಾಳಿ ಇದ್ದಲ್ಲಿ ವಾಸನೆ ಇರಲೇಬೇಕು. ಆದರೆ ಅಲ್ಲಿ ಯಾರೂ ಮೂಗು ತೆರೆದು ನಿಲ್ಲಲಾರರು. ನಿಂತರೆ ಮೊದಲ ಉಸಿರಿಗೇ ಮೂಗು ಕಲ್ಲಾದೀತು, ಅಷ್ಟು ಚಳಿ. ಆದ್ದರಿಂದ ಮನುಷ್ಯನ ಪರವಾಗಿ ಪವನ ಮೂಸುವುದಿತ್ತು.

ಕೊನೆಯ ಬತ್ತಿಯನ್ನು ಬಿಸಾಕಿ ರುಖಿಯಾ ಬಾಯಿಯ ಬಟ್ಟೆ ಬಿಚ್ಚಿದಳು. ಹೊರಗೆ ಮಕ್ಕಳ ಗದ್ದಲ ಆಗಲೇ ಶುರುವಾಗಿತ್ತು.

“ಲೇ, ಸಾಲು! ಸಾಲು ಅಂದ್ರೆ ಸಾಲು, ಹೂವಿನ ಮಾಲೆ ಅಲ್ಲ!” ಎಂದು ಕೂಗುತ್ತಿದ್ದವನು ತಿಪ್ಪೇಶ. ಈಗ ಅವನು ತಿಪ್ಪೇಶ ಸರ್. ಏಳನೆಯ ತರಗತಿಯವರೆಗೆ ರುಖಿಯಾಳ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. ಓದಿ, ಪರೀಕ್ಷೆ ಬರೆದು, ತಾನು ಕಲಿತ ಶಾಲೆಗೇ ಮೇಷ್ಟರಾಗಿ ಬಂದಿದ್ದ. ಅವಳು ಏಳಕ್ಕೇ ನಿಂತಿದ್ದಳು.

“ರುಖಿಯಾ, ಮೇಡಂ ಬಂದ್ರಾ?” ಎಂದು ಬಾಗಿಲಲ್ಲಿ ಇಣುಕಿ ಕೇಳಿದ.

ಇಲ್ಲವೆಂದು ತಲೆಯಾಡಿಸಿದಳು.

“ನಾನ್ ಯಾರು ಅಂತ ಗುರ್ತು ಹಿಡೀತಾರಾ ಅಂತ? ನಾಯಿಮರಿ ಟವೆಲ್ ತಂದೋನು ಅಂದ್ರೆ ಹಿಡೀಬೇಕಪ್ಪ.”

ಅವಳಿಗೆ ನಗು ಬಂತು. ಆ ಟವೆಲ್ಲನ್ನು ಯಾರು ಮರೆಯುತ್ತಾರೆ!

ಹದಿಮೂರು ವರ್ಷದ ಹಿಂದೆ, ಪವನ ಹೊರಡುವ ಮುಂಚೆ, ಡಾ. ಪ್ರಫುಲ್ಲಾ ಹೊಸಗೌಡ್ರ ಒಂದು ಹಳೆಯ ವ್ಯಾನಿನಲ್ಲಿ ಮೂಗುಪೆಟ್ಟಿಗೆಯನ್ನು ಹೇರಿಕೊಂಡು ಊರೂರಿನ ಶಾಲೆಗಳನ್ನು ಸುತ್ತುತ್ತಿದ್ದರು. ಮೂಸುವ ಯಂತ್ರವನ್ನು ಕಂಡುಹಿಡಿದವರೇ ಅವರು. ಹಾವೇರಿ ಕಡೆಯವರು, ದೊಡ್ಡ ದನಿ, ಮೂಗಿನ ತುದಿಗೆ ಇಳಿದ ಕನ್ನಡಕ. ಶನಿಯಷ್ಟು ದೂರದಿಂದ ಸುದ್ದಿ ಹನಿಹನಿಯಾಗಿಯೇ ಬರಬೇಕು. ಒಂದು ವಾಸನೆಯ ಪೂರ್ತಿ ಚಿತ್ರ ಕಳಿಸುವುದು ಬಲು ನಿಧಾನದ ಕೆಲಸ. ಅದಕ್ಕೆ ಅವರೊಂದು ಉಪಾಯ ಹೂಡಿದ್ದರು. ಸಾವಿರ ವಾಸನೆಗಳನ್ನು ನೌಕೆಗೆ ಮೊದಲೇ ಕಲಿಸಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟುಬಿಡುವುದು. ಅಲ್ಲಿ ಮೂಸಿದ್ದು ಯಾವುದರ ಹಾಗಿದೆಯೋ ಅದರ ಸಂಖ್ಯೆಯನ್ನಷ್ಟೇ ಅದು ಹೇಳಿದರೆ ಸಾಕು; ಇಲ್ಲಿನ ಪೆಟ್ಟಿಗೆ ತನ್ನಲ್ಲಿರುವ ಅದೇ ಸಂಖ್ಯೆಯ ವಾಸನೆಯನ್ನು ಊದುತ್ತದೆ. ಆ ಸಾವಿರ ವಾಸನೆಗಳನ್ನು ಮಕ್ಕಳೇ ಕೊಡಲಿ ಎಂದು ಅವರು ಹಟ ಹಿಡಿದಿದ್ದರು.

“ನಿಮಗ ಭಾಳ ಸೇರೋದು ಒಂದು ವಾಸನಿ, ಈ ಸೀಸೆದಾಗ ಹಾಕ್ಕೊಂಡು ಬರ್ರಿ. ನಿಮ್ಮ ಸೀಸೆ ಶನಿ ತನಕ ಹೋಗ್ತೈತಿ” ಎಂದು ಎಲ್ಲರ ಕೈಗೂ ಒಂದೊಂದು ಗಾಜಿನ ಸೀಸೆ ಕೊಟ್ಟು ಹೋಗಿದ್ದರು.

ಮಾರನೆಯ ದಿನ ತರಗತಿಯೇ ಸಂತೆಯಾಗಿತ್ತು. ಒಬ್ಬಳ ಸೀಸೆಯಲ್ಲಿ ಕರ್ಪೂರ, ಒಬ್ಬನದರಲ್ಲಿ ಬೆಣ್ಣೆ ಕಾಯಿಸಿದಾಗ ತಳದಲ್ಲಿ ಉಳಿಯುವ ಗಷ್ಟು, ಇನ್ನೊಬ್ಬನದರಲ್ಲಿ ಹೊಸ ಪುಸ್ತಕದ ಹಾಳೆಯ ಚೂರು. ತಿಪ್ಪೇಶ ತನ್ನ ನಾಯಿಮರಿ ಮಲಗುವ ಟವೆಲ್ಲಿನ ತುಂಡನ್ನು ಸೀಸೆಗೆ ತುರುಕಿದ್ದ. ಮೇಡಂ ಅದನ್ನು ಪೆಟ್ಟಿಗೆಯಿಂದ ಊದಿಸಿದಾಗ ಬೀದಿಯಲ್ಲಿ ಮಲಗಿದ್ದ ನಾಯಿಯೊಂದು ಎದ್ದು ಬಂದು ಬಾಗಿಲಲ್ಲಿ ನಿಂತು ಬಾಲ ಆಡಿಸಿತು. ಮೇಡಂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಿದ್ದರು.

ರುಖಿಯಾಳ ಸೀಸೆಯಲ್ಲಿ ಮಲ್ಲಿಗೆಯಿತ್ತು.

ಅವಳ ಮನೆ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿತ್ತು. ಅಕ್ಕಿಗೆ ಉಪ್ಪುನೀರು ಚಿಮುಕಿಸಿ, ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಅರಳಿಸುವ ಒಲೆಗಳು ಅಲ್ಲಿ ಮನೆಗೊಂದರಂತೆ ಉರಿಯುತ್ತಿದ್ದವು. ಒಲೆಗೆ ಸುರಿಯುತ್ತಿದ್ದುದು ಭತ್ತದ ಹೊಟ್ಟು. ಅದರ ಹೊಗೆ ಓಣಿಯ ಗೋಡೆಗೆ, ಹಗ್ಗದ ಮೇಲಿನ ಬಟ್ಟೆಗೆ, ಮಕ್ಕಳ ತಲೆಗೂದಲಿಗೆ ಹತ್ತಿಕೊಂಡಿರುತ್ತಿತ್ತು. ರುಖಿಯಾ ಎಷ್ಟು ಸೋಪು ತಿಕ್ಕಿ ಸ್ನಾನ ಮಾಡಿ ಬಂದರೂ ಪಕ್ಕದವಳು ಸ್ವಲ್ಪ ಸರಿದು ಕೂರುತ್ತಿದ್ದಳು. ಆ ಒಂದು ದಿನವಾದರೂ ತನ್ನದು ಮಲ್ಲಿಗೆಯಾಗಿರಲೆಂದು ಅವಳು ಆಸೆಪಟ್ಟಿದ್ದಳು. ಸರ್ಕಲ್ಲಿನ ಹೂವಿನಾಕೆಯ ಹತ್ತಿರ ಬೊಗಸೆ ಹೂವು ಬೇಡಿ ತಂದು ಸೀಸೆ ತುಂಬಿ, ಮುಚ್ಚಳ ತಿರುಗಿಸುವುದರಲ್ಲಿದ್ದಳು.

ಆಗ ಭಟ್ಟಿಯ ಮುಂದೆ ಕೂತಿದ್ದ ಅವಳ ತಾಯಿ, ಅಮ್ಮಿ, “ಹಂಗೇ ಮುಚ್ತೀಯಾ? ಬಾಯಿಗೆ ಬಟ್ಟೆ ಇಲ್ದೆ ಮುಚ್ಚಿದ್ರೆ ಗಾಳಿ ಆಡಿ ಎಲ್ಲ ಮೆತ್ತಗಾಗ್ತದೆ. ತಾ ಇಲ್ಲಿ” ಎಂದಿದ್ದಳು. ಭಟ್ಟಿಯವರ ರೂಢಿ ಅದು. ಮಂಡಕ್ಕಿಯ ಡಬ್ಬಿಯಾಗಲಿ ಉಪ್ಪಿನ ಭರಣಿಯಾಗಲಿ, ಬಾಯಿಗೆ ಬಟ್ಟೆಯೊತ್ತಿ ಅದರ ಮೇಲೆ ಮುಚ್ಚಳ ಕೂರಿಸಿದರೇ ಅವರಿಗೆ ಸಮಾಧಾನ. ಅಮ್ಮಿ ಬಾಣಲೆಯ ಕಿವಿ ಹಿಡಿಯುವ ತನ್ನ ಕೈಬಟ್ಟೆಯ ಅಂಚನ್ನು ಪರ್ರೆಂದು ಹರಿದು, ಮಡಚಿ, ಹೂವಿನ ಮೇಲೊತ್ತಿ, ಮುಚ್ಚಳ ಬಿಗಿದು ಕೊಟ್ಟಳು. “ಈಗ ಶನಿವರೆಗೆ ಹೋಗ್ಲಿ, ಎಲ್ಲಿಗಾದ್ರೂ ಹೋಗ್ಲಿ. ಗರಿಗರಿಯಾಗಿರ್ತದೆ.”

ತರಗತಿಯಲ್ಲಿ ಯಂತ್ರ ಆ ಸೀಸೆಯನ್ನು ಮೂಸಿತು. ಪೆಟ್ಟಿಗೆ ಊದಿತು. ಎಲ್ಲರೂ ಮೂಗು ಮುಂದೆ ಮಾಡಿದರು.

ಮಲ್ಲಿಗೆ ಎಲ್ಲಿತ್ತೋ ಏನೋ. ಹೊಟ್ಟಿನ ಹೊಗೆ, ಕಾದ ಮರಳು, ಉಪ್ಪಿನ ಹಬೆ, ಬೆವರು, ಎಲ್ಲ ಒಟ್ಟಾಗಿ ಭುಸ್ಸೆಂದು ಕೋಣೆ ತುಂಬಿತು.

“ಏ, ಭಟ್ಟಿ ಬಂತಲೇ!” ಎಂದು ಕೂಗಿ ಮೂಗು ಹಿಡಿದುಕೊಂಡವನು ತಿಪ್ಪೇಶ.

“ಮಲ್ಲಿಗೆ ಸುಟ್ಕೊಂಡು ತಂದಾಳ್ರಿ ಮೇಡಂ!” ಎಂದಳು ಇನ್ನೊಬ್ಬಳು.

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಎಲ್ಲರೂ ಊಟಕ್ಕೆ ಹೋದ ಮೇಲೆ ರುಖಿಯಾ ಮೇಡಂ ಹತ್ತಿರ ಹೋಗಿ ನೆಲ ನೋಡುತ್ತ, “ಅದನ್ನ ಅಳಿಸಿಬಿಡ್ರಿ” ಎಂದಳು.

“ಯಾಕವ್ವಾ? ಇಷ್ಟು ಗಟ್ಟಿ ವಾಸನಿ ಯಾರೂ ತಂದಿಲ್ಲ.”

“ಬ್ಯಾಡ್ರಿ. ಅಳಿಸಿಬಿಡ್ರಿ.”

ಅಳುತ್ತಿದ್ದ ಹುಡುಗಿಯ ಜೊತೆ ಯಾರು ವಾದ ಮಾಡುತ್ತಾರೆ? ಅವಳ ಕಣ್ಣೆದುರಿಗೇ ಮೇಡಂ ಇನ್ನೂರ ಹದಿನಾಲ್ಕನ್ನು ಒತ್ತಿ ಅಳಿಸಿದರು. ಆದರೆ ಅಳಿಸಿದ್ದು ಭೂಮಿಯ ಪ್ರತಿಯನ್ನು. ಪ್ರತಿಯೊಂದು ವಾಸನೆಯೂ ಮೂಸಿದ ಗಳಿಗೆಯಲ್ಲೇ, ವ್ಯಾನಿನಲ್ಲೇ ಇದ್ದ ನೌಕೆಯ ನೆನಪಿನಲ್ಲೂ ಮೂಡುತ್ತಿತ್ತು. ಆ ನೆನಪು ಬಾಹ್ಯಾಕಾಶದ ಉರಿಕಿರಣಗಳಿಗೂ ಅಳಿಯದ ಹಾಗೆ ಕಲ್ಲಿನಲ್ಲಿ ಕಡೆದಂತೆ ಮಾಡಿದ್ದು. ಅಲ್ಲಿಂದ ಏನನ್ನೂ ತೆಗೆಯುವಂತಿರಲಿಲ್ಲ. ಸಾವಿರದಲ್ಲೊಂದು ಸೀಸೆ, ಅದೇ ಬೇಕಾಗುವುದುಂಟೇ ಎಂದು ಮೇಡಂ ಸುಮ್ಮನಾಗಿದ್ದರು.

ಮುಂದಿನ ವರ್ಷ ಅಮ್ಮಿಯ ಎದೆ ಕೆಟ್ಟಿತು. ಹೊಗೆ ಕುಡಿದ ಎದೆ. ಬಾಣಲೆಯ ಮುಂದೆ ಕೂರಲು ಇನ್ನೊಬ್ಬರು ಬೇಕಾಯಿತು. ರುಖಿಯಾ ಶಾಲೆ ಬಿಟ್ಟು ಕೂತಳು. ಅಮ್ಮಿ ಹೋದ ಮೇಲೆ ಒಂದೆರಡು ವರ್ಷಗಳಲ್ಲೇ ಓಣಿಗೆಲ್ಲ ಕರೆಂಟಿನ ಭಟ್ಟಿಗಳು ಬಂದವು. ಹೊಗೆಯಿಲ್ಲ, ಹೊಟ್ಟಿಲ್ಲ, ಮರಳೂ ಇಲ್ಲ. ಬಿಸಿಗಾಳಿಯಲ್ಲೇ ಅಕ್ಕಿ ಅರಳುತ್ತದೆ. ಅಣ್ಣ ಗೋಡೆಯ ಮಸಿ ಕೆರೆಸಿ ತಿಳಿನೀಲಿ ಬಣ್ಣ ಹೊಡೆಸಿದ. ಈಗ ಓಣಿಯ ಮಕ್ಕಳು ಕೆಮ್ಮುವುದಿಲ್ಲ. ಒಳ್ಳೆಯದೇ ಆಯಿತೆಂದು ಎಲ್ಲರೂ ಅನ್ನುತ್ತಾರೆ, ರುಖಿಯಾಳೂ ಅನ್ನುತ್ತಾಳೆ. ಆದರೂ ಬಣ್ಣ ಹೊಡೆಯುವ ಮುಂಚೆ ಮಸಿ ಹಿಡಿದ ಒಂದು ಇಟ್ಟಿಗೆಯ ಚೂರನ್ನು ಅವಳು ಎತ್ತಿಟ್ಟುಕೊಂಡಿದ್ದಳು. ಮೂಸಿದರೆ ಅದರಲ್ಲಿ ಏನೂ ಇರಲಿಲ್ಲ. ಅಮ್ಮಿಯ ಪೆಟ್ಟಿಗೆಯ ಸೀರೆಗಳಲ್ಲಿ ನುಸಿಗುಳಿಗೆಯ ವಾಸನೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅಮ್ಮಿಯ ಮುಖ ಫೋನಿನಲ್ಲಿದೆ, ದನಿಯೂ ಇದೆ. ಅವಳ ಮಗ್ಗುಲಿಗೆ ಹೋಗಿ ಕೂತರೆ ಮೂಗಿಗೆ ಬರುತ್ತಿದ್ದುದು ಮಾತ್ರ ಎಲ್ಲಿಯೂ ಇರಲಿಲ್ಲ.

ವಿಜ್ಞಾನ ಮಂದಿರಕ್ಕೆ ಕೆಲಸಕ್ಕೆ ಸೇರಿದ ಮೊದಲ ವಾರವೇ, ಯಾರೂ ಇಲ್ಲದ ಹೊತ್ತು ನೋಡಿ, ರುಖಿಯಾ ಪೆಟ್ಟಿಗೆಯಲ್ಲಿ ಇನ್ನೂರ ಹದಿನಾಲ್ಕು ಒತ್ತಿದ್ದಳು. ಟಿಕ್ ಎಂದು ಸದ್ದಾಗಿ ಸುಮ್ಮನಾಗಿತ್ತು.

ಪ್ರಫುಲ್ಲಾ ಮೇಡಂ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಸಾವಿರ ಸೀಸೆ ಕೊಟ್ಟ ಶಾಲೆಗಳಲ್ಲಿ ಯಾವುದಾದರೂ ಒಂದು ಊರಿನಲ್ಲಿ ಕೂತೇ ಈ ದಿನವನ್ನು ನೋಡಬೇಕೆಂದು ಅವರಿಗೆ ಆಸೆ. ನೌಕೆಯನ್ನು ನಡೆಸುವ ಕೇಂದ್ರದೊಡನೆ ಮಾತಾಡಲು ಒಂದು ಸಣ್ಣ ಪರದೆಯನ್ನು ಜೊತೆಗೆ ತಂದಿದ್ದರು.

“ಮೇಡಂ, ನಾಯಿಮರಿ ಟವೆಲ್!” ಎಂದು ತಿಪ್ಪೇಶ ಕೈ ಮುಗಿದ.

“ಅಯ್ಯ, ನೀನ! ಆ ನಾಯಿ ಐತೇನಪಾ?”

“ಹೋಯ್ತ್ರಿ. ಅದರ ಮೊಮ್ಮಕ್ಕಳು ಅದಾವೆ.”

ಮೇಡಂ ಕಣ್ಣು ಗೋಡೆಯ ಪಕ್ಕ ನಿಂತ ರುಖಿಯಾಳ ಮೇಲೂ ಹಾಯ್ದು ಮುಂದೆ ಹೋಯಿತು. ಗುರುತು ಹತ್ತಲಿಲ್ಲ.

ಮಧ್ಯಾಹ್ನವಾಯಿತು. ಮಕ್ಕಳು ಪೆಟ್ಟಿಗೆಯ ಸುತ್ತ ನೆಲದ ಮೇಲೆ ಕೂತರು. ಶನಿಯಿಂದ ರೇಡಿಯೋ ಅಲೆ ಇಲ್ಲಿಗೆ ಬರಲು ಒಂದೂಕಾಲು ಗಂಟೆಗೂ ಹೆಚ್ಚು ಬೇಕು. “ಹಂಗಂದ್ರ ಅದು ಆಗಲೇ ಇಳಿದು ಮೂಸಿ ಆಗೈತಿ. ನಮಗ ಈಗ ಗೊತ್ತಾಗ್ತೈತಿ ಅಷ್ಟ” ಎಂದರು ಮೇಡಂ.

ಮೊದಲ ಸಂಖ್ಯೆ ಬಂತು. ಪೆಟ್ಟಿಗೆ ಊದಿತು. “ಪೆಟ್ರೋಲ್ ಬಂಕು!” ಎಂದು ನಾಲ್ಕು ಗಂಟಲುಗಳು ಒಟ್ಟಿಗೆ ಕೂಗಿದವು. ಅದು ಹಿರಿಯೂರಿನ ಯಾರದೋ ಸೀಸೆ. ನೌಕೆ ಇನ್ನೂ ಮೋಡಗಳ ಮೇಲಿದೆ, ಅಲ್ಲಿ ಪೆಟ್ರೋಲಿನ ನೆಂಟನಾದ ಮೀಥೇನ್ ಅನಿಲವಿದೆ, ಅದಕ್ಕೆ ತನ್ನದೇ ವಾಸನೆಯಿಲ್ಲದಿದ್ದರೂ ಅದರ ಒಡಹುಟ್ಟುಗಳಿಗೆ ಇದೆ ಎಂದು ಮೇಡಂ ವಿವರಿಸಿದರು. ಕೆಳಗೆ ಇಳಿದಂತೆ ಕಹಿಬಾದಾಮಿ ಬಂತು. ನಿಜದಲ್ಲಿ ಅದು ವಿಷ, ಪೆಟ್ಟಿಗೆಯಲ್ಲಿ ಬರೀ ಅದರ ಅಣಕ. ಒಬ್ಬ ಹುಡುಗ ಸತ್ತಂತೆ ಬಿದ್ದು ತೋರಿಸಿದ. ತಿಪ್ಪೇಶ ಅವನ ಕಿವಿ ಹಿಡಿದು ಬದುಕಿಸಿದ.

ಆಮೇಲೆ ಪರದೆಯ ಮೇಲೆ ‘ನೆಲ’ ಎಂಬ ಮಾತು ಮೂಡಿತು. ಪವನ ಇಳಿದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ನೆಲದ ಮೊದಲ ಉಸಿರಿನ ಸಂಖ್ಯೆ ಬಂತು.

ಟಿಕ್ ಎಂದಿತು ಪೆಟ್ಟಿಗೆ.

ಮಕ್ಕಳು ಮೂಗು ಮುಂದೆ ಮಾಡಿಕೊಂಡೇ ಕೂತಿದ್ದರು. ಒಬ್ಬಳು ಪಕ್ಕದವಳ ಕಡೆ ತಿರುಗಿ, “ನಿಂಗೆ ಬಂತೇನೇ?” ಎಂದಳು.

ಮತ್ತೆ ಟಿಕ್. ಪವನ ಮೂಸಿ ಮೂಸಿ ಒಂದೇ ಸಂಖ್ಯೆಯನ್ನು ಹೇಳುತ್ತಿತ್ತು.

“ಇನ್ನೂರ ಹದಿನಾಲ್ಕು...” ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇನ್ನೂರ ಹದಿನಾಲ್ಕು ನಮ್ಮ ಕಡೆ ಇಲ್ಲ. ಯಾರೋ ಹುಡುಗಿ ಅಳಿಸು ಅಂತ ಹಟ ಹಿಡಿದಿತ್ತು. ಇದೇ ಊರಾಗ...”

ಕೋಣೆಯಲ್ಲಿ ಅಷ್ಟು ಜನರಿದ್ದರು. ರುಖಿಯಾ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

“ಅದು ನಂದು ಮೇಡಂ.”

ತಿಪ್ಪೇಶ ತಿರುಗಿ ನೋಡಿದ. ಅವನ ಮುಖ ಮೆಲ್ಲಗೆ ಬದಲಾಯಿತು.

ಮೇಡಂ ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. “ಸೀಸೆ ಬಾಯಿಗೆ ಒತ್ತಿದ್ದ ಆ ಬಟ್ಟಿ ತುಂಡು ಐತೇನು? ಅಂಥದ್ದ ಇನ್ನೊಂದು?”

“ಇಲ್ಲ ಮೇಡಂ.”

“ಭಟ್ಟಿ? ಹೊಟ್ಟು ಹಾಕಿ ಉರಿಸೋದು ಎಲ್ಲಾದರೂ ಒಂದು?”

“ಎಲ್ಲ ಕರೆಂಟಿನವು. ಹೊಟ್ಟು ಸುಡ್ಬಹುದು ಮೇಡಂ. ಸುಟ್ಟು ನೋಡೀನಿ. ಬರೀ ಹೊಗೆ ಆಗ್ತದೆ.” ಸ್ವಲ್ಪ ತಡೆದು ಹೇಳಿದಳು: “ಅದರಲ್ಲಿ ಅಮ್ಮಿ ಕೈ ಇತ್ತು.”

ಮೇಡಂ ಅವಳ ಭುಜ ಮುಟ್ಟಿದರು. ಆಮೇಲೆ ಹೇಳಿದರು, ಟೈಟನ್ನಿನ ಆಕಾಶದಲ್ಲಿ ಸೂರ್ಯನ ಬೆಳಕು ಅನಿಲಗಳನ್ನು ಸುಟ್ಟು ಒಂದು ಬಗೆಯ ಮಸಿ ಮಾಡುತ್ತದಂತೆ. ಅದು ಯುಗಯುಗಗಳಿಂದ ನೆಲದ ಮೇಲೆ ಉದುರುತ್ತ, ಮರಳಿನ ದಿಬ್ಬಗಳಾಗಿ ಬಿದ್ದಿದೆಯಂತೆ. ಮಸಿ, ಮರಳು. ಸಾವಿರ ಸೀಸೆಗಳಲ್ಲಿ ಅದಕ್ಕೆ ಹತ್ತಿರವಾದದ್ದು ಅಮ್ಮಿಯ ಕೈಬಟ್ಟೆಯೇ ಇರಬೇಕು.

“ಒಂದು ದಾರಿ ಐತಿ. ಇನ್ನೂರ ಹದಿನಾಲ್ಕರ ಪೂರ್ತಿ ಚಿತ್ರ ಕಳಿಸು ಅಂತ ಪವನನ್ನ ಕೇಳೋದು. ಆದರ ಅದಕ್ಕ ಉಳಿದಿರೋದು ಕೆಲವು ತಾಸಿನ ಕರೆಂಟು ಅಷ್ಟ. ನಾವು ಕೇಳಿದ್ದು ಅಲ್ಲಿಗೆ ಮುಟ್ಟಿ, ಅಲ್ಲಿಂದ ಉತ್ತರ ಬರೂತನಕ...” ಮೇಡಂ ಮಾತು ಮುಗಿಸದೆ ಪರದೆಯತ್ತ ತಿರುಗಿ ಕೇಂದ್ರದವರೊಡನೆ ಜಗಳಕ್ಕೇ ನಿಂತರು. “ಫೋಟೋ ಆಮೇಲೆ ಬರ್ಲಿ! ಇಳಿದಲ್ಲಿ ಏನು ನಾರ್ತೈತಿ ಅಂತ ಗೊತ್ತಿಲ್ಲದ ಫೋಟೋ ನೋಡಿ ಏನ್ ಮಾಡ್ತೀರಿ?” ಅತ್ತ ಕಡೆಯವರು ಒಪ್ಪುವಷ್ಟರಲ್ಲಿ ಅವರ ಕುತ್ತಿಗೆಯ ನರ ಉಬ್ಬಿತ್ತು. ಕೋರಿಕೆ ಹೋಯಿತು.

ಕಾದರು. ಮಕ್ಕಳಿಗೆ ಊಟ ಆಯಿತು. ತಿಪ್ಪೇಶ ಒಂದು ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮೇಲೊಂದು ಮೆಣಸಿನಕಾಯಿ ಇಟ್ಟುಕೊಂಡು ಬಂದು ರುಖಿಯಾಳ ಪಕ್ಕದ ಮೆಟ್ಟಿಲ ಮೇಲೆ ಕೂತ.

“ತಿನ್ನು. ನಿಮ್ಮ ಓಣಿದೇ.”

ಅವಳು ಒಂದು ಮುಕ್ಕು ಹಾಕಿಕೊಂಡಳು. ಗರಿಗರಿಯಾಗಿತ್ತು.

“ಅವತ್ತು ನಾನ್ ಕೂಗಿದ್ದು ನೆನಪೈತಾ ನಿಂಗೆ?”

“ಐತಿ.”

“ಭಾಳ ಚಲೋ ಇತ್ತು ಕಣೇ ಆ ವಾಸ್ನೆ. ಹಸಿವಾಗ್ತಿತ್ತು.” ತಟ್ಟೆ ಅವಳ ಕಡೆ ಸರಿಸಿದ. “ನಮ್ಮವ್ವ ಬೈತಿದ್ಲು, ಮನಿಗೆ ಬಂದೋನೇ ಮಂಡಕ್ಕಿ ಕೊಡು ಅಂತೀಯಲ್ಲ ಅಂತ.”

ಬಿಸಿಲು ಇಳಿಯುವ ಹೊತ್ತಿಗೆ ಪರದೆಯಲ್ಲಿ ಹಸಿರು ಗೆರೆಯೊಂದು ಓಡತೊಡಗಿತು. ಮೇಡಂ ಕೂಗಿದರು. ಎಲ್ಲರೂ ಒಳಗೆ ಓಡಿದರು. ಚಿತ್ರ ತುಂಡುತುಂಡಾಗಿ ಬರುತ್ತಿತ್ತು. ಮೂಸುವ ಯಂತ್ರಕ್ಕೆ ಹಗುರವಾದ ಅಣುಗಳು ಮೊದಲು ತಾಗುತ್ತವೆ, ಭಾರವಾದವು ಆಮೇಲೆ. ಕಳಿಸುವಾಗಲೂ ಅದೇ ಸರತಿ. ಒಂದೊಂದು ತುಂಡು ಬಂದಂತೆ ಊದಲಿ ಎಂದು ಮೇಡಂ ಪೆಟ್ಟಿಗೆಗೆ ಹೇಳಿದರು.

ರುಖಿಯಾ ಮಂಡಿಯೂರಿ ಪೆಟ್ಟಿಗೆಯ ಎದುರೇ ಕೂತಳು. ಅವಳನ್ನು ಯಾರೂ ತಡೆಯಲಿಲ್ಲ. ಕಣ್ಣು ಮುಚ್ಚಿದಳು. ಮೆಲ್ಲಗೆ ತಂಪಾದ ಉಸಿರೊಂದು ಮುಖಕ್ಕೆ ತಾಗಿತು.

ಮಲ್ಲಿಗೆ.

ಆ ಬೆಳಗ್ಗೆ ಬಿಡಿಸಿದ, ಇನ್ನೂ ನೀರು ಆರದ ಮಲ್ಲಿಗೆ. ಹನ್ನೆರಡು ವರ್ಷ ಆಕಾಶದಲ್ಲಿದ್ದು ಬಂದದ್ದು.

“ಮಲ್ಲಿಗೆ! ಮಲ್ಲಿಗೆ!” ಎಂದು ಮಕ್ಕಳು ಕುಣಿದರು. ತಿಪ್ಪೇಶ ಬಗ್ಗಿ, “ಕೇಳಿಲ್ಲಿ, ಖರೇನೇ ತಂದಿದ್ದೆ ನೀನು!” ಎಂದ, ಕಣ್ಣಲ್ಲಿ ನೀರಿಟ್ಟುಕೊಂಡು. ರುಖಿಯಾ ಅಲುಗಾಡಲಿಲ್ಲ. ಮುಂದಿನದಕ್ಕೆ ಕಾಯುತ್ತಿದ್ದಳು. ಹೂವಿನ ಮೇಲೊತ್ತಿದ ಬಟ್ಟೆ ಇನ್ನು ಬರಬೇಕಿತ್ತು. ಉಸಿರು ಎಳೆದುಕೊಳ್ಳಲು ಎದೆಯನ್ನು ಖಾಲಿ ಮಾಡಿಕೊಂಡು ಕೂತಳು.

ಹಸಿರು ಗೆರೆ ನಿಂತಿತು.

ಮೇಡಂ ಅದನ್ನೇ ನೋಡುತ್ತಿದ್ದರು. ಪೆಟ್ಟಿಗೆಯ ಒಳಗಿನ ಪುಟ್ಟ ಪಂಖ ಇನ್ನೂ ಸ್ವಲ್ಪ ಹೊತ್ತು ತಿರುಗಿತು. ಮಲ್ಲಿಗೆ ತೆಳ್ಳಗಾಗುತ್ತ ಹೋಗಿ, ಕೋಣೆಯಲ್ಲಿ ಬೆವೆತ ಮಕ್ಕಳ ವಾಸನೆಯಷ್ಟೇ ಉಳಿಯಿತು. ಪವನ ಮತ್ತೆ ಮಾತಾಡಲಿಲ್ಲ.

ಮಾರನೆಯ ದಿನ ಪತ್ರಿಕೆಗಳಲ್ಲೆಲ್ಲ ಅದೇ: ಶನಿಯ ಅಂಗಳದಲ್ಲಿ ಮಲ್ಲಿಗೆ. ಪ್ರಫುಲ್ಲಾ ಮೇಡಂ ಸಿಕ್ಕ ಸಿಕ್ಕ ಕಡೆ ವಿವರಿಸಿದರು. ಬಂದದ್ದು ಚಿತ್ರದ ಮೊದಲ ತುಂಡು ಮಾತ್ರ, ಅದು ಆ ಸೀಸೆಯ ಮಲ್ಲಿಗೆ, ಟೈಟನ್ನಿನದಲ್ಲ, ಅಲ್ಲಿರುವುದು ಉಳಿದ ಭಾಗದಲ್ಲಿತ್ತು ಎಂದರು. ಕೇಳಿದವರು ತಲೆದೂಗಿ, ಹೋಗಿ ಮಲ್ಲಿಗೆಯೆಂದೇ ಬರೆದರು. ಇನ್ನೊಂದು ತಿಂಗಳಿಗೆ ಊದುಬತ್ತಿಯೇ ಬಂತು. ಶನಿಯ ಹೆಸರಿಟ್ಟರೆ ಯಾರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲವೆಂದು ಅದಕ್ಕೆ ‘ಗಗನಮಲ್ಲಿಗೆ’ ಎಂದು ಹೆಸರಿಟ್ಟಿದ್ದರು. ಅಣ್ಣ ಒಂದು ಕಟ್ಟು ತಂದು ಮನೆಯಲ್ಲಿ ಹಚ್ಚಿ, “ನಿನ್ನದೇ ಅಂತೆ ನೋಡು” ಎಂದು ಹೆಮ್ಮೆಪಟ್ಟ. ರುಖಿಯಾ ಬಾಗಿಲಿಗೆ ಬಂದು ನಿಂತಳು. ಓಣಿಯಲ್ಲಿ ಕರೆಂಟಿನ ಭಟ್ಟಿಗಳು ಮೆಲ್ಲಗೆ ಗುಂಯ್‌ಗುಡುತ್ತಿದ್ದವು. ಬೆಚ್ಚಗಿನ ಅಕ್ಕಿ, ಹೊಸ ಬಣ್ಣ, ಕಾದ ತಂತಿ. ಇದಕ್ಕೂ ಒಂದು ವಾಸನೆಯಿದೆ ಎಂದು ಅವಳಿಗೆ ಆಗ ಮೊದಲ ಸಲ ಗೊತ್ತಾಯಿತು. ಅಣ್ಣನ ಮಗು ಈ ವಾಸನೆಯಲ್ಲೇ ನಿದ್ದೆ ಹೋಗುತ್ತದೆ. ಯಾರನ್ನು ಕೇಳಿದರೂ, ನಮ್ಮ ಓಣಿಯಲ್ಲಿ ಈಗ ಯಾವ ವಾಸನೆಯೂ ಇಲ್ಲ ಅನ್ನುತ್ತಾರೆ.

ಮುಂದಿನ ವರ್ಷ ಪ್ರಫುಲ್ಲಾ ಮೇಡಂ ಮತ್ತೆ ಬಂದರು. ಇನ್ನೊಂದು ನೌಕೆ ಸಿದ್ಧವಾಗುತ್ತಿತ್ತು, ಅದಕ್ಕೆ ಹೊಸ ಸಾವಿರ ಸೀಸೆ ಬೇಕಿತ್ತು. ಈ ಸಲ ಅವರು ವ್ಯಾನಿಗೆ ರುಖಿಯಾಳನ್ನೂ ಹತ್ತಿಸಿಕೊಂಡರು. “ನೀ ಬರೀ ಸೀಸೆ ಒರಸು, ಸಾಕು. ಮಾತು ನಂದು” ಎಂದರು.

ಮೊದಲ ಶಾಲೆ ತಿಪ್ಪೇಶನದೇ. ಮಕ್ಕಳು ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟಿದ್ದರು. ರುಖಿಯಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದನ್ನೇ ಎತ್ತಿ ಹೊರಗಿನ ಧೂಳು ಒರೆಸಿದಳು. ಮಲ್ಲಿಗೆ. ಮಲ್ಲಿಗೆ. ಗುಲಾಬಿ. ಗಂಧದ ಚೂರು. ಮತ್ತೆ ಮಲ್ಲಿಗೆ. ಒಬ್ಬಳು ಗಗನಮಲ್ಲಿಗೆಯ ಊದುಬತ್ತಿಯನ್ನೇ ಮುರಿದು ಹಾಕಿದ್ದಳು. ಸಾಲು ಮುಗಿಯುವವರೆಗೂ ನಾಯಿಮರಿ ಇರಲಿಲ್ಲ, ಹಳೆಯ ಟವೆಲ್ ಇರಲಿಲ್ಲ, ಒಲೆ ಇರಲಿಲ್ಲ.

ಪ್ರಫುಲ್ಲಾ ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ರುಖಿಯಾ ಬಾಯಿಯ ಬಟ್ಟೆ ಕೆಳಗೆಳೆದುಕೊಂಡಳು. ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಬಾಗಿಲಲ್ಲಿ ತಿಪ್ಪೇಶ ಕೈಕಟ್ಟಿ ನಿಂತಿದ್ದ. ಮಕ್ಕಳು ಅವಳನ್ನೇ ನೋಡಿದರು. ಅವಳ ಕಿವಿ ಕೆಂಪಾಯಿತು. ಆದರೂ ನಿಂತೇ ಇದ್ದಳು.

“ಇವೆಲ್ಲ ಚಲೋ ಅದಾವೆ. ಆದ್ರೆ ನಾಳೆ ಇನ್ನೊಂದು ತರ್ರಿ” ಎಂದಳು. “ನಿಮ್ಮನೆ ವಾಸನೆ. ದಿನಾ ಇರೋದು, ಈಗ ಐತಲ್ಲ, ಅದು.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಅಂಗಿಯ ತೋಳನ್ನು ಮೂಗಿಗೆ ಹಿಡಿದು ಎಳೆದ, ಏನೂ ಸಿಗದೆ ಕೆಳಗಿಳಿಸಿದ.

“ಯಾರಾದ್ರೂ ಒಬ್ರು ತರ್ರಿ” ಎಂದಳು ರುಖಿಯಾ.